ಸೊರಬದಲ್ಲಿ ಹೊರಡದ ಕಾರು

ನಮ್ಮ ಕಾರು ಶಿಕಾರಿಪುರದಲ್ಲಿ ಒಂದೇ ಮಾತಿಗೆ ಹೊರಡುತ್ತಿತ್ತು. ಸೊರಬಕ್ಕೆ ಹೋದರೆ ಮಾತ್ರ ಮೊಂಡು ಹಿಡಿಯುತ್ತಿತ್ತು. ಮೊದಮೊದಲು ನಾನು ಇದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. ಆಮೇಲೆ ನನಗೆ ಬೇರೆ ಯೋಚನೆಯೇ ಇಲ್ಲದಂತಾಯಿತು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಇವರು, ಅಂದರೆ ನಮ್ಮ ಯಜಮಾನರು, ಶಿಕಾರಿಪುರದಲ್ಲಿ ಸ್ವಂತ ದವಾಖಾನೆ ಇಟ್ಟಿದ್ದ ಡಾಕ್ಟರು. ವಾರಕ್ಕೊಮ್ಮೆ, ಸಂತೆಯ ದಿನ, ಸೊರಬಕ್ಕೆ ಹೋಗಿ ಒಂದು ಬಟ್ಟೆ ಅಂಗಡಿಯ ಮುಂಗೋಣೆಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದರು. ಅದಕ್ಕಾಗಿಯೇ ಶಿವಮೊಗ್ಗದ ವಕೀಲರೊಬ್ಬರಿಂದ ಹಳೆಯ ಕಾರೊಂದನ್ನು ತಂದಿದ್ದರು. ನನಗೆ ಮದುವೆಯಾಗಿ ಕೆಲವು ವರ್ಷವಾಗಿತ್ತು, ಇನ್ನೂ ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಇವರು, ಅತ್ತೆ, ನಾನು.

ಮನೆ ಇದ್ದದ್ದು ಕೆರೆ ಏರಿಯ ಕಡೆಯಿಂದ ಪೇಟೆಗೆ ಇಳಿಯುವ ಓಣಿಯಲ್ಲಿ. ಕಾರು ಬಾಗಿಲ ಮುಂದೆಯೇ ನಿಲ್ಲುತ್ತಿತ್ತು, ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟು. ಸಂತೆಯ ದಿನ ಬೆಳಿಗ್ಗೆ ಇವರು ಒಳಗೆ ಕೂತು "ಹೂಂ" ಎಂದ ಕೂಡಲೇ ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ಕಲ್ಲು ಸರಿಸುತ್ತಿದ್ದೆ. ಕಾರು ತಾನಾಗಿ ಇಳಿಜಾರಿನಲ್ಲಿ ಉರುಳಿ, ಓಣಿಯ ತಿರುವಿನ ಹತ್ತಿರ ಒಮ್ಮೆ ತಡವರಿಸಿ, ಗುಡುಗುಡು ಎಂದು ಜೀವ ಹಿಡಿದು ಹೋಗಿಬಿಡುತ್ತಿತ್ತು. ಅತ್ತೆ ಹೊಸಿಲಲ್ಲಿ ನಿಂತು ಕೈಮುಗಿಯುತ್ತಿದ್ದರು. ನಾನು ಕೈಗಂಟಿದ ಮಣ್ಣು ತೊಳೆದುಕೊಂಡು ಒಲೆಯ ಮುಂದೆ ಹೋಗುತ್ತಿದ್ದೆ. ಕಾರಿಗೂ ನನಗೂ ಇದ್ದ ಸಂಬಂಧ ಇಷ್ಟೇ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಇವರು ಶಿವಮೊಗ್ಗಕ್ಕೆ ಹೋಗಿ ಕಾರಿಗೆ ಹೊಸ ಬಣ್ಣ ಹೊಡೆಸಿಕೊಂಡು ಬಂದರು. ಕಪ್ಪಗಿದ್ದದ್ದು ನೀಲಿಯಾಯಿತು. ಬಣ್ಣ ಚೆನ್ನಾಗಿಯೇ ಇತ್ತು. ಅದಾದ ಮೇಲೆ ಸೊರಬದಿಂದ ಬರುವುದು ತಡವಾಗತೊಡಗಿತು. ಮೊದಲು ದೀಪ ಹಚ್ಚುವ ಮುಂಚೆಯೇ ಬಂದು ಕಾಫಿ ಕೇಳುತ್ತಿದ್ದವರು ಈಗ ಊಟದ ಹೊತ್ತಿಗೆ ಬರುತ್ತಿದ್ದರು. ಕೇಳಿದರೆ, "ಕಾರು ಸ್ಟಾರ್ಟ್ ಆಗ್ಲಿಲ್ಲ. ಹ್ಯಾಂಡಲ್ ಹೊಡೆದು ಹೊಡೆದು ರಟ್ಟೆ ಬಿದ್ದುಹೋಯ್ತು" ಎನ್ನುತ್ತಿದ್ದರು. ಇಂಜಿನ್ ಹೊರಡದಿದ್ದರೆ ಕಾರಿನ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಕೈಯಿಂದ ತಿರುಗಿಸಬೇಕಿತ್ತು.

ಒಂದು ದಿನ ಹಾಗೇ ಊಟಕ್ಕೆ ಕೂತಾಗ ಅವರೇ ಹೇಳಿದರು. "ಸದ್ಯ, ಅಲ್ಲೊಬ್ರು ನರ್ಸಮ್ಮ ಇದಾರೆ, ಅವ್ರಿರೋದ್ರಿಂದ ಆಯ್ತು. ನಾನು ಮುಂದೆ ಹ್ಯಾಂಡಲ್ ಹೊಡೀಬೇಕು, ಒಳಗೆ ಕೂತು ಚೋಕು, ಪೆಡಲು ನೋಡ್ಕೊಳ್ಳೋರು ಒಬ್ರು ಬೇಕಲ್ಲ. ಎಷ್ಟು ಬೇಗ ಕಲ್ತುಬಿಟ್ರು ಅಂತೀಯ. ಇಂಜಿನ್ ಸದ್ದು ಕೇಳೇ ಎಷ್ಟು ಎಳೀಬೇಕು, ಎಷ್ಟು ಬಿಡಬೇಕು ಗೊತ್ತಾಗ್ತದೆ ಅವ್ರಿಗೆ."

ನಾನು ಸಾರು ಬಡಿಸುತ್ತಿದ್ದೆ.

"ಒಳಗೆ ಅಂದ್ರೆ ಎಲ್ಲಿ ಕೂತ್ಕೋತಾರ್ರಿ?"

"ಎಲ್ಲಿ ಅಂದ್ರೆ? ಡ್ರೈವರ್ ಸೀಟಿನಲ್ಲಿ."

ಆ ಸೀಟಿನಲ್ಲಿ ನಾನು ಒಂದು ದಿನವೂ ಕೂತಿರಲಿಲ್ಲ. ತೊಗರ್ಸಿಗೆ ದೇವರ ದರ್ಶನಕ್ಕೆ ಹೋದಾಗ ಅತ್ತೆಯ ಜೊತೆ ಹಿಂದೆ ಕೂತಿದ್ದೆ. ಇವರೊಬ್ಬರ ಜೊತೆ ಹೋದರೆ ಮುಂದೆ ಎಡಗಡೆ, ಸೆರಗು ಹೊದ್ದು, ಮಡಿಲಲ್ಲಿ ಕೈಯಿಟ್ಟುಕೊಂಡು. ನಾನು ಕಲ್ಲು ಸರಿಸುವವಳು, ಆಕೆ ಸೀಟಿನಲ್ಲಿ ಕೂರುವವಳು.

ಆಕೆ ಸರ್ಕಾರದ ಹೆರಿಗೆ ನರ್ಸು ಎಂದು ಆಮೇಲೆ ಒಂದೊಂದೇ ಮಾತು ಎಳೆದು ತಿಳಿದುಕೊಂಡೆ. ಒಬ್ಬಳೇ ಇದ್ದಾಳೆ. ಮದುವೆಯಾಗಿಲ್ಲ. ಸಾಗರದ ಕಡೆಯವಳು. ಇರುವ ಮನೆಯ ಮುಂದೆ ದೊಡ್ಡ ಹೊಂಗೆಮರ ಇದೆ, ಸಂತೆಯ ದಿನ ಪೇಟೆಬೀದಿಯಲ್ಲಿ ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ, ಆದ್ದರಿಂದ ಕಾರು ಅಲ್ಲಿಯೇ ನಿಲ್ಲುತ್ತದೆ. ಇದನ್ನೆಲ್ಲ ಇವರು ಸ್ವಲ್ಪವೂ ಮುಚ್ಚಿಡದೆ ಹೇಳಿದರು. ಮುಚ್ಚಿಟ್ಟಿದ್ದರೆ ಜಗಳವಾಡಲು ನನಗೊಂದು ಕಾರಣವಾದರೂ ಸಿಗುತ್ತಿತ್ತು. ಸಂತೆಯ ದಿನ ಬೆಳಿಗ್ಗೆ ಇವರು ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಿದ್ದರೆ ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಕಾರಿಗೆ ಬಣ್ಣ ಹೊಡೆಸಿದ್ದು ಯಾರು ನೋಡಲಿ ಎಂದು, ಹೊಸ ಬಣ್ಣ ಬಂದ ಮೇಲೆಯೇ ಕಾರು ಕೆಟ್ಟದ್ದು ಹೇಗೆ ಎಂದು ಲೆಕ್ಕ ಹಾಕುತ್ತಿದ್ದೆ.

ಒಮ್ಮೆ ನಾನೇ ಹೇಳಿದೆ. "ಮಿಸ್ತ್ರಿಗೆ ತೋರಿಸ್ರಿ. ವಾರವಾರ ಇದೇ ಆದ್ರೆ ಹೆಂಗೆ?"

ಶಿಕಾರಿಪುರದಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಮಿಸ್ತ್ರಿ ಒಬ್ಬರಿದ್ದರು. ನಡುವಯಸ್ಸಿನ, ಮಾತು ಹೆಚ್ಚಿನ ಮನುಷ್ಯ. ಮನೆಗೇ ಬಂದು ಬಾನೆಟ್ ಎತ್ತಿ ಒಂದು ಬೆಳಗು ಪೂರ್ತಿ ಕೆಲಸ ಮಾಡಿದರು. ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿದರು. ಬ್ಯಾಟರಿಯ ಕೊಂಡಿಗಳ ಮೇಲೆ ಕೂತಿದ್ದ ಬಿಳಿ ಉಪ್ಪನ್ನು ಬಿಸಿನೀರು ಹಾಕಿ ತೊಳೆದರು. ಬ್ಯಾಟರಿಯನ್ನು ಒಯ್ದು ಚಾರ್ಜ್ ಮಾಡಿ ತಂದು ಕೂರಿಸಿದರು. ಪೆಟ್ರೋಲು ಬರುವ ಕೊಳವೆ ಊದಿ ನೋಡಿದರು. ಕೊನೆಗೆ ಕಲ್ಲು ಸರಿಸಿ ಓಣಿಯಲ್ಲಿ ಬಿಟ್ಟರೆ ಕಾರು ಎಂದಿಗಿಂತ ಚುರುಕಾಗಿ ಹೊರಟಿತು.

"ಏನೂ ಆಗಿಲ್ಲ ಅಮ್ಮಾರೆ ಇದಕ್ಕೆ. ಚಂದಾಗೈತಿ" ಎಂದರು ಕೈ ಒರೆಸಿಕೊಳ್ಳುತ್ತ.

ಮುಂದಿನ ಸಂತೆಯ ದಿನ ಇವರು ಮತ್ತೆ ತಡವಾಗಿ ಬಂದರು. ಮತ್ತೆ ಅದೇ ಮಾತು: ಸ್ಟಾರ್ಟ್ ಆಗಲಿಲ್ಲ.

ಮಿಸ್ತ್ರಿಯ ಬಾಯಿಂದಲೇ ಕೇಳಿದ್ದೆ, ಕಾರಿಗೆ ಏನೂ ಆಗಿಲ್ಲ ಎಂದು. ಹಾಗಾದರೆ ಆಗಿರುವುದು ಯಾರಿಗೆ? ಆ ವಾರ ನಾನು ಅನ್ನ ಸೀದಿಸಿದೆ, ಹಾಲು ಉಕ್ಕಿಸಿದೆ, ಅತ್ತೆ ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಟ್ಟೆ. ಅವರಿಗೆ ಅರ್ಥವಾಗಿರಬೇಕು. ಹೂ ಕಟ್ಟುತ್ತ ಕೂತವರು ತಲೆಯೆತ್ತದೆ ಹೇಳಿದರು, "ಅನುಮಾನ ಬಂದ್ರ ಹೋಗಿ ನೋಡ್ಕಂಡು ಬಾರವ್ವ. ಮನ್ಯಾಗ ಕೂತು ಅನ್ನ ಯಾಕ ಹೊತ್ತಿಸ್ತಿ?"

ಹೋಗುವ ಧೈರ್ಯ ತಕ್ಷಣ ಬರಲಿಲ್ಲ. ಅದು ಬರುವಂತೆ ಮಾಡಿದ್ದು ಒಂದು ಉಣ್ಣೆಯ ಟೊಪ್ಪಿಗೆ.

ಕಾರಿನೊಳಗೆ ಸ್ಟೀರಿಂಗಿನ ಬಳಿ ಚೋಕಿನ ಕಡ್ಡಿ ಇತ್ತು. ಚಳಿ ಹಿಡಿದ ಇಂಜಿನ್ನಿಗೆ ಪೆಟ್ರೋಲು ಹೆಚ್ಚಾಗಿ ಸಿಗಲೆಂದು ಹೊರಡಿಸುವಾಗ ಅದನ್ನು ಎಳೆದು ಹಿಡಿಯುತ್ತಾರೆ. ಅದರ ತುದಿಯ ಕಪ್ಪು ಗುಂಡಿ ಯಾವಾಗಲೋ ಒಡೆದು ಬರೀ ಲೋಹದ ಕಡ್ಡಿ ಉಳಿದಿತ್ತು. ಒಂದು ಬೆಳಿಗ್ಗೆ ಕಾರಿನ ಒಳಗೆ ಒರೆಸಲು ಹೋದರೆ ಆ ಕಡ್ಡಿಗೆ ಯಾರೋ ನೀಲಿ ಉಣ್ಣೆಯಲ್ಲಿ ಪುಟ್ಟ ಟೊಪ್ಪಿಗೆಯಂಥದ್ದನ್ನು ಹೆಣೆದು ತೊಡಿಸಿದ್ದರು. ಅಂಚಿಗೆ ಬಿಳಿಯ ದಾರ. ಕಾರಿನ ಬಣ್ಣಕ್ಕೆ ಸರಿಯಾಗಿ ಒಪ್ಪುವ ನೀಲಿ.

ಒರೆಸುವ ಬಟ್ಟೆಯನ್ನು ಅಲ್ಲೇ ಬಿಟ್ಟು ಒಳಗೆ ಬಂದೆ. ಇವರು ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

"ಅದೇನ್ರಿ ಕಾರಿನಲ್ಲಿ, ನೀಲಿದು?"

"ಅದಾ? ನರ್ಸಮ್ಮ ಹೆಣೆದು ಹಾಕಿದ್ದು. ಆ ಕಡ್ಡಿ ಬಿಸಿಯಾಗಿ ಸುಡ್ತದಂತೆ. ಇಂಜಿನ್ ಕಾವು ಬರ್ತದಲ್ಲ. ನನ್ನ ಕೈಗೇನೂ ಗೊತ್ತಾಗಲ್ಲ. ಅವ್ರ ಕೈ ಸ್ವಲ್ಪ ಮೆತ್ತಗೆ."

ಅವರ ಕೈ ಮೆತ್ತಗೆ. ಇದು ಇವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಲು ಬಾಯಿ ತೆರೆದೆ. ಹೊರಗೆ ಬಂದ ಮಾತು ಬೇರೆಯಾಗಿತ್ತು.

"ಈ ಸಂತೆಗೆ ನಾನೂ ಬರ್ತೀನಿ ಸೊರಬಕ್ಕೆ."

"ಬಾ, ಅದಕ್ಕೇನಂತೆ" ಎಂದರು ಇವರು. ಒಂದು ಗಳಿಗೆಯೂ ಯೋಚಿಸಲಿಲ್ಲ. ಸ್ವಲ್ಪ ತಡವರಿಸಿದ್ದರೂ ನನಗೆ ಸಮಾಧಾನವಾಗುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ, ಇವರು ಸ್ನಾನಕ್ಕೆ ಹೋದಾಗ, ಕತ್ತರಿ ಒಯ್ದು ಆ ಉಣ್ಣೆಯ ಟೊಪ್ಪಿಗೆಯನ್ನು ಕತ್ತರಿಸಿ ತೆಗೆದೆ. ಹೆಣಿಗೆ ಗಟ್ಟಿಯಾಗಿತ್ತು, ಒಂದೇ ಸಲಕ್ಕೆ ಬರಲಿಲ್ಲ. ಎಳೆಗಳನ್ನು ಬಚ್ಚಲ ಒಲೆಗೆ ಹಾಕಿದೆ. ಆಮೇಲೆ ರೇಷ್ಮೆ ಅಂಚಿನ ಸೀರೆ ಉಟ್ಟು, ಅತ್ತೆ ಕಟ್ಟಿಕೊಟ್ಟ ಹೂ ಮುಡಿದು, ಕಲ್ಲು ಸರಿಸಿ, ಉರುಳುತ್ತಿದ್ದ ಕಾರಿಗೆ ಓಡಿ ಹತ್ತಿದೆ. ದಾರಿಯಲ್ಲಿ ಇವರು ಚೋಕಿನ ಕಡ್ಡಿಯ ಕಡೆ ಒಮ್ಮೆ ನೋಡಿದರು. ಶಿರಾಳಕೊಪ್ಪ ದಾಟುವವರೆಗೂ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ಸೊರಬದಲ್ಲಿ ಕಾರು ಹೊಂಗೆಮರದ ಕೆಳಗೆ ನಿಂತಿತು. ಅಲ್ಲಿ ನೆಲ ಅಂಗೈಯ ಹಾಗೆ ಸಮತಟ್ಟು. ಸದ್ದು ಕೇಳಿ ಆಕೆ ಹೊರಗೆ ಬಂದಳು. ಆಕೆ ಕುರೂಪಿಯಾಗಿರಲೆಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ. ಹಾಗಿರಲಿಲ್ಲ. ನನ್ನದೇ ವಯಸ್ಸು. ಎಣ್ಣೆಗಪ್ಪು ಮೈ, ಉದ್ದನೆಯ ಕೊರಳು, ಬಿಳಿ ಸೀರೆಯನ್ನು ನೆಲಕ್ಕೆ ತಾಗದಂತೆ ಎತ್ತಿ ಉಟ್ಟಿದ್ದಳು. ಒಂದು ಹೂವಿಲ್ಲ, ಒಂದು ಬಳೆಯಿಲ್ಲ, ಕೈಯಲ್ಲಿ ಗಡಿಯಾರ. ನನ್ನ ರೇಷ್ಮೆ ಅಂಚು ಆ ಹೊತ್ತಿನಲ್ಲಿ ಅತಿಯಾಯಿತು ಎನ್ನಿಸಿತು.

"ಅಕ್ಕಾವ್ರಾ? ಬನ್ನಿ ಬನ್ನಿ. ಒಂದಿನ ಕರ್ಕೊಂಡು ಬನ್ನಿ ಅಂತ ಡಾಕ್ಟ್ರ ಹತ್ರ ಎಷ್ಟು ಸಲ ಹೇಳಿದ್ದೆ" ಎಂದಳು.

ಇವರು ನನಗೆ ಆ ಮಾತು ಹೇಳಿರಲೇ ಇಲ್ಲ. ಈಗ ಚೀಲ ತೆಗೆದುಕೊಂಡು ಪೇಟೆಯ ಕಡೆ ನಡೆದರು. ಸಂಜೆಯವರೆಗೆ ನಾನು ಆಕೆಯ ಮನೆಯಲ್ಲಿ ಇರಬೇಕಾಯಿತು.

ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಗೋಡೆಯ ಬದಿಗೆ ಮಂಚ, ಕಿಟಕಿಯ ಕೆಳಗೆ ಮೇಜು. ಮೇಜಿನ ಮೇಲೆ ಆಕೆಯ ಕನ್ನಡಕ, ಅರ್ಧ ಓದಿದ ವಾರಪತ್ರಿಕೆ, ಕಚ್ಚಿ ಇಟ್ಟ ಸೀಬೆಹಣ್ಣು. ಅದನ್ನು ಯಾಕೆ ಅಲ್ಲಿಟ್ಟೆ ಎಂದು ಕೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಆಕೆ ಕಾಫಿ ಮಾಡಿ ನನಗೊಂದು ಲೋಟ ಕೊಟ್ಟು, ತಾನೂ ಒಂದು ಲೋಟ ಹಿಡಿದು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಳು. ನಮ್ಮ ಮನೆಯಲ್ಲಿ ನಾನು ಕಾಫಿ ಕುಡಿಯುತ್ತಿದ್ದದ್ದು ಎಲ್ಲರದೂ ಆದ ಮೇಲೆ, ಒಲೆಯ ಮುಂದೆ ನಿಂತುಕೊಂಡು. ಇವರ ವಿಷಯದಲ್ಲಿ ಉರಿಯಲೆಂದು ಬಂದವಳಿಗೆ ಆ ಕುರ್ಚಿಯ ಮೇಲೆ, ಆ ಸೀಬೆಹಣ್ಣಿನ ಮೇಲೆ ಹೊಟ್ಟೆ ಉರಿಯಿತು. ಎರಡು ಉರಿಗಳೂ ಕೂಡಿಕೊಂಡು ಯಾವುದು ಯಾವುದೆಂದು ನನಗೇ ತಿಳಿಯದಂತಾಯಿತು.

ಆಕೆ ಮಾತಾಡುತ್ತಲೇ ಇದ್ದಳು. ಮಧ್ಯಾಹ್ನ ಇಬ್ಬರು ಬಸುರಿಯರು ಬಂದರು. ಅವರ ಹೊಟ್ಟೆ ಮುಟ್ಟಿ ನೋಡಿ, ಗದರಿಸಿ, ನಗಿಸಿ ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಡಾಕ್ಟ್ರು ಮೊನ್ನೆ ಗೇರು ಹಾಕೋದು ಹೇಳ್ಕೊಟ್ರು. ಒಂದಿನ ಪೂರಾ ಕಲಿಸಿ ಅಂತ ಕೇಳಿದೀನಿ. ನಿಮಗೆ ಬರ್ತದಾ?" ಎಂದು ಕೇಳಿದಳು.

"ನನಗ್ಯಾಕೆ ಬರ್ಬೇಕು?" ಎಂದೆ.

ಆಕೆ ಎದ್ದು ಹೋಗಿ ಲೋಟ ತೊಳೆದಳು.

ಬಿಸಿಲು ಹಳದಿಗೆ ತಿರುಗುವ ಹೊತ್ತಿಗೆ ಇವರು ಬಂದರು. ಕಾರಿನ ಬಾಗಿಲು ತೆಗೆದು, ಕೂರದೆಯೇ ಬಗ್ಗಿ, ಬ್ಯಾಟರಿಯಿಂದ ಇಂಜಿನ್ ತಿರುಗಿಸುವ ಸ್ಟಾರ್ಟರ್ ಗುಂಡಿ ಒತ್ತಿದರು. ನಾನು ಆ ಸದ್ದನ್ನು ಕೇಳಿದ್ದು ಅದೇ ಮೊದಲು. ಇಂಜಿನ್ನು ಒಮ್ಮೆ ಗೊರ್ರ್ ಎಂದು ನರಳಿ, ಅರ್ಧ ಸುತ್ತು ಸುತ್ತಿ, ನಿಂತುಬಿಟ್ಟಿತು. ಅಂದರೆ ಇವರು ಹೇಳಿದ್ದು ಸುಳ್ಳಲ್ಲ. ನನಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ನಿರಾಸೆ.

ಇವರು ಸೀಟಿನ ಹಿಂದಿನಿಂದ ಹ್ಯಾಂಡಲ್ ತೆಗೆದು ಕಾರಿನ ಮುಂದಕ್ಕೆ ಹೋದರು. ಆಕೆ ಅಭ್ಯಾಸಬಲದಿಂದ ಡ್ರೈವರ್ ಬಾಗಿಲಿನ ಕಡೆ ನಡೆದಳು. ನಾನು ನಡುವೆ ಹೋಗಿ ನಿಂತೆ.

"ನಾನು ಕೂತ್ಕೋತೀನಿ."

ಇವರು ಹ್ಯಾಂಡಲ್ ಹಿಡಿದು ಬಗ್ಗಿದ್ದವರು ತಲೆಯೆತ್ತಿದರು. "ನಿನಗೆ ಗೊತ್ತಾಗಲ್ಲ."

"ಹೇಳಿದ್ರೆ ಗೊತ್ತಾಗ್ತದೆ."

ಆಕೆ ಹಿಂದೆ ಸರಿದು, ಕಿಟಕಿಯ ಹತ್ತಿರ ನಿಂತು ಹೇಳಿಕೊಟ್ಟಳು. ಆ ಸೀಟು ನಾನೆಣಿಸಿದ್ದಕ್ಕಿಂತ ತಗ್ಗಾಗಿತ್ತು. ಸ್ಟೀರಿಂಗು ಎದೆಯ ಮುಂದೆ ದೊಡ್ಡದಾಗಿ ಕೂತಿತ್ತು. "ಬಲಗಾಲು ಅಲ್ಲಿ, ಮೆತ್ತಗೆ. ಚೋಕು ಎಳ್ದು ಹಿಡ್ಕೊಳ್ಳಿ. ಹ್ಯಾಂಡಲ್ ಹೊಡೆಯೋಕೆ ಮುಂಚೆ ಒಂದ್ಸಲ ಸ್ಟಾರ್ಟರ್ ಒತ್ತಿ ನೋಡಿ. ಒಂದೊಂದಿನ ಹಂಗೇ ಹಿಡೀತದೆ. ಡಾಕ್ಟ್ರೇ, ನೀವು ಹ್ಯಾಂಡಲ್ ತೆಗೀರಿ. ಅಯ್ಯೋ, ಟೊಪ್ಪಿಗೆ ಎಲ್ಲಿ ಹೋಯ್ತು?"

"ಬಿಚ್ಚಿದೆ" ಎಂದೆ.

ಚೋಕಿನ ಕಡ್ಡಿ ಹಿಡಿದು ಸ್ಟಾರ್ಟರ್ ಒತ್ತಿದೆ. ಇಂಜಿನ್ನು ನರಳಿತು. ಬೆರಳಿಗೆ ಕಡ್ಡಿ ಬೆಚ್ಚಗಾಯಿತು. ಇನ್ನೊಮ್ಮೆ ಒತ್ತಿದೆ. ಈಗ ಬಿಸಿ.

"ಬಿಡಿ ಅಕ್ಕಾವ್ರೆ, ಸುಡ್ತದೆ" ಎಂದಳು ಆಕೆ.

ಬಿಡಲಿಲ್ಲ. ಆಕೆಯ ಕೈ ಮೆತ್ತಗಿರಬಹುದು, ನನ್ನದಲ್ಲ ಎಂದು ತೋರಿಸಬೇಕಾಗಿತ್ತು. ಹಲ್ಲು ಕಚ್ಚಿ ಮೂರನೆಯ ಸಲ ಒತ್ತಿ ಹಿಡಿದೆ. ಬೆರಳ ತುದಿಯಲ್ಲಿ ಚರ್ಮ ಬೆಂದ ವಾಸನೆ ಬಂತೋ, ಬಂದಂತೆ ಭಾಸವಾಯಿತೋ, ಕೈ ತಾನಾಗಿ ಹಿಂದಕ್ಕೆ ಬಂತು. ಎರಡು ಬೆರಳಿನಲ್ಲಿ ಬೊಬ್ಬೆ ಏಳುತ್ತಿತ್ತು. ಆಕೆ ಓಡಿಹೋಗಿ ತಣ್ಣೀರು ತಂದಳು. ನಾನು ಬೆರಳುಗಳನ್ನು ಚೆಂಬಿನಲ್ಲಿ ಮುಳುಗಿಸಿಕೊಂಡು ಕೂತೆ. ಕೂತಲ್ಲಿಂದ ಏಳಲಿಲ್ಲ, ಎದ್ದರೆ ಸೀಟು ಹೋಗುತ್ತದಲ್ಲ.

ಹಾಗೆ ಕೂತಾಗ ಒಂದು ಯೋಚನೆ ಬಂತು. ಕಾರು ಬೆಳಿಗ್ಗೆಯಿಂದ ನೆರಳಿನಲ್ಲಿ ನಿಂತಿದೆ. ಇಂಜಿನ್ನಿನ ಕಾವು ಎಂದೋ ಆರಿರಬೇಕು. ಒದ್ದೆ ಬೆರಳಿನಿಂದ ಪಕ್ಕದ ಗುಂಡಿಗಳನ್ನು, ಅವುಗಳ ಸುತ್ತಲಿನ ತಗಡನ್ನು ಮುಟ್ಟಿ ನೋಡಿದೆ. ಎಲ್ಲವೂ ತಣ್ಣಗೆ. ಬಿಸಿಯಾದದ್ದು ಚೋಕಿನ ಕಡ್ಡಿಯೊಂದೇ.

"ರೀ, ಬಾನೆಟ್ ಮುಟ್ಟಿ ನೋಡ್ರಿ, ಬಿಸಿ ಇದೆಯಾ?"

"ಯಾಕೆ?"

"ಮುಟ್ಟಿ ನೋಡ್ರಿ ಅಂದೆ."

ಇವರು ಮುಟ್ಟಿದರು. "ಇಲ್ಲ. ತಣ್ಣಗಿದೆ."

"ಹಂಗಾದ್ರೆ ಇದಕ್ಕೆ ಕಾವು ಎಲ್ಲಿಂದ ಬಂತು?"

ಆಕೆ ಕಿಟಕಿಯಿಂದ ಒಳಗೆ ಕೈಚಾಚಿ ಕಡ್ಡಿಯನ್ನು ಮುಟ್ಟಿದಳು. ಆಗಲೇ ಆರುತ್ತಿತ್ತು. "ಸ್ಟಾರ್ಟರ್ ಒತ್ತಿದಾಗ ಮಾತ್ರ ಸುಡೋದು ಅಕ್ಕಾವ್ರೆ. ಬರೀ ಎಳ್ದು ಹಿಡಿದ್ರೆ ಏನೂ ಆಗಲ್ಲ. ನಂಗೂ ಅದು ಗೊತ್ತಿತ್ತು, ಯಾಕೆ ಅಂತ ಯೋಚ್ನೆ ಮಾಡಿರ್ಲಿಲ್ಲ" ಎಂದಳು. ಆ ಮಾತು ಸರಿಯೇ ಎಂದು ಮತ್ತೊಮ್ಮೆ ಪರೀಕ್ಷೆ ಮಾಡಿದೆವು. ಆಕೆ ಎಳೆದು ಹಿಡಿದಳು, ನಾನು ಗುಂಡಿ ಮುಟ್ಟಲಿಲ್ಲ. ಕಡ್ಡಿ ತಣ್ಣಗೇ ಇತ್ತು. ನಾನು ಗುಂಡಿ ಒತ್ತಿದೆ. ಆಕೆ "ಹಾಂ, ಬಂತು ಬಂತು" ಎಂದು ಕೈ ಕೊಡವಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ಒಂದು ಗಳಿಗೆ ನನಗೆ ಆಕೆಯ ಮೇಲಿನ ಸಿಟ್ಟು ನೆನಪಿರಲಿಲ್ಲ.

ಅಂದು ಕಾರು ಕೊನೆಗೆ ಹೊರಟದ್ದು ಹ್ಯಾಂಡಲ್ಲಿನಿಂದಲೇ. ವಾಪಸು ಬರುವಾಗ ಬಳ್ಳಿಗಾವಿಯ ಕಡೆ ತಿರುಗುವ ರಸ್ತೆಯ ಹತ್ತಿರ ಇವರನ್ನು ಕೇಳಿದೆ, "ಮನೇಲಿ ನೀವು ಸ್ಟಾರ್ಟರ್ ಒತ್ತೇ ಇಲ್ಲ ಅಲ್ವಾ?"

ಇವರು ಗೇರು ಬದಲಿಸಿದರು. "ಇಳಿಜಾರಿದೆಯಲ್ಲ. ಯಾಕೆ ಒತ್ತಬೇಕು?"

ಹಾಗಾದರೆ ಕಾರು ಶಿಕಾರಿಪುರದಲ್ಲೂ ಕೆಟ್ಟೇ ಇತ್ತು. ನಾನು ಪ್ರತಿ ಸಲವೂ ಕಲ್ಲು ಸರಿಸಿ ಅದರ ರೋಗವನ್ನು ಮುಚ್ಚಿಡುತ್ತಿದ್ದೆ. ಮಿಸ್ತ್ರಿಯೂ ಅದೇ ಇಳಿಜಾರಿನಲ್ಲಿ ಬಿಟ್ಟು ನೋಡಿ ಚೆನ್ನಾಗಿದೆ ಎಂದಿದ್ದರು.

ಮಾರನೆಯ ದಿನ ಮಿಸ್ತ್ರಿಯನ್ನು ಮತ್ತೆ ಕರೆಸಿದೆವು. ಈ ಸಲ ಕಾರನ್ನು ಓಣಿಯಿಂದ ಇಳಿಸಿ ಸಂತೆ ಮೈದಾನದ ಸಮನೆಲದಲ್ಲಿ ನಿಲ್ಲಿಸಬೇಕೆಂದು ನಾನು ಹಟ ಹಿಡಿದೆ. ಹೆಂಗಸು ಮೈದಾನಕ್ಕೆ ಬಂದು ಕಾರಿನ ಪಕ್ಕ ನಿಂತದ್ದನ್ನು ನೋಡಲು ಆಚೀಚೆಯವರೂ ಸೇರಿದರು. ನಾನು ಬೊಬ್ಬೆ ಎದ್ದ ಬೆರಳು ತೋರಿಸಿ, ಸ್ಟಾರ್ಟರ್ ಒತ್ತಿದಾಗ ಮಾತ್ರ ಚೋಕಿನ ಕಡ್ಡಿ ಕಾಯುತ್ತದೆ ಎಂದೆ. ಮಿಸ್ತ್ರಿ ಮೊದಲು ನಕ್ಕರು. ಆಮೇಲೆ ತಾವೇ ಹಿಡಿದು ಒತ್ತಿ ನೋಡಿ ನಗು ನಿಲ್ಲಿಸಿದರು.

"ಹಂಗಾರ ಕರೆಂಟು ಬ್ಯಾರೆ ದಾರಿ ಹಿಡದೈತಿ" ಎಂದು ಚಾಪೆ ಹಾಸಿಕೊಂಡು ಕಾರಿನ ಕೆಳಗೆ ತೂರಿದರು.

ಕೆಳಗಿನಿಂದಲೇ ಅವರು ಹೇಳಿದ್ದನ್ನು ನಾನು ತಿಳಿದುಕೊಂಡದ್ದು ಹೀಗೆ. ಬ್ಯಾಟರಿಯಿಂದ ಸ್ಟಾರ್ಟರಿಗೆ ಹೋದ ಕರೆಂಟು ಬ್ಯಾಟರಿಗೆ ವಾಪಸು ಬರಲೇಬೇಕು. ಇಂಜಿನ್ನು ರಬ್ಬರಿನ ಮೇಲೆ ಕೂತಿರುವುದರಿಂದ ಅಲ್ಲಿಂದ ಗಾಡಿಯ ಚೌಕಟ್ಟಿಗೆ ಹೋಗಲು ತಾಮ್ರದ ಎಳೆ ಹೆಣೆದ ದಪ್ಪ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಅದೇ ವಾಪಸು ಬರುವ ದಾರಿ. ಬಣ್ಣ ಹೊಡೆಯುವವರು ಆ ಪಟ್ಟಿಯನ್ನು ಬಿಚ್ಚಿ, ಚೌಕಟ್ಟಿಗೂ ಬಣ್ಣ ಬಳಿದು, ಅದರ ಮೇಲೆಯೇ ಮತ್ತೆ ಬಿಗಿದಿದ್ದರು. ಬಣ್ಣದ ಪದರ ನಡುವೆ ಕೂತು ದಾರಿ ಕಟ್ಟಿತ್ತು. ದೊಡ್ಡ ದಾರಿ ಕಟ್ಟಿದಾಗ ಕರೆಂಟು ಚೋಕಿನ ಕಡ್ಡಿಯಿಂದ ಇಂಜಿನ್ನಿಗೆ ಹೋಗುವ ತೆಳುವಾದ ತಂತಿಯಲ್ಲಿ ನುಗ್ಗುತ್ತಿತ್ತು. ತಂತಿ ಕಾಯುತ್ತಿತ್ತು, ಸ್ಟಾರ್ಟರಿಗೆ ಬಲ ಸಾಲದೆ ನರಳುತ್ತಿತ್ತು.

ಮಿಸ್ತ್ರಿ ಪಟ್ಟಿ ಬಿಚ್ಚಿ, ಬೋಲ್ಟು ಕೂರುವ ಜಾಗವನ್ನು ಉಜ್ಜುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿದರು. ಪಟ್ಟಿಯ ತುದಿಯನ್ನೂ ಕೆರೆದು ಬಿಗಿಯಾಗಿ ತಿರುಪಿದರು. ಮೈಮೇಲಿನ ಧೂಳು ಕೊಡವಿಕೊಂಡು ಎದ್ದು, "ಒತ್ರಿ ಅಮ್ಮಾರೆ" ಎಂದರು.

ಇವರು ಬಾಗಿಲ ಹತ್ತಿರವೇ ಇದ್ದರು. ನಾನು ಅವರನ್ನು ದಾಟಿ ಸೀಟಿನಲ್ಲಿ ಕೂತು ಒತ್ತಿದೆ. ಇಂಜಿನ್ನು ಎರಡು ಸುತ್ತು ಜೋರಾಗಿ ತಿರುಗಿ ಹೊರಟಿತು. ಚೋಕಿನ ಕಡ್ಡಿ ತಣ್ಣಗಿತ್ತು. ನೆರೆದವರಲ್ಲಿ ಯಾರೋ "ಡಾಕ್ಟ್ರ ಹೆಂಡ್ತಿ ಕಾರಿಗೇ ಡಾಕ್ಟ್ರಾದ್ರಲ್ಲಪ್ಪ" ಎಂದದ್ದು ಕೇಳಿಸಿತು. ಇವರೂ ನಕ್ಕರು, ಆದರೆ ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಅದಾದ ಮೇಲೆ ಇವರು ಸೊರಬದಿಂದ ದೀಪ ಹಚ್ಚುವ ಮುಂಚೆಯೇ ಬರತೊಡಗಿದರು. ನಾನು ನಿಶ್ಚಿಂತೆಯಿಂದ ಇರಬೇಕಾಗಿತ್ತು. ಆದರೆ ಇವರ ಮುಖ ಸಪ್ಪಗಿರುತ್ತಿತ್ತು. ಸೊರಬದ ದಾರಿ ಬೇಸರ ತರಿಸಿದೆಯೋ, ಅಲ್ಲಿಂದ ಬೇಗ ಹೊರಡುವುದು ಬೇಸರವೋ ಎಂದು ನಾನು ಹಳೆಯ ಲೆಕ್ಕ ಮತ್ತೆ ಶುರು ಮಾಡಿದೆ. ಒಂದು ಸಂಜೆ ಕಾಫಿ ಕೊಡುವಾಗ ನೇರವಾಗಿಯೇ ಕೇಳಿದೆ.

"ಅಲ್ಲೀಗ ಹ್ಯಾಂಡಲ್ ಹೊಡೆಯೋ ಕೆಲ್ಸ ಇಲ್ಲ ಅಂತ ಬೇಜಾರೇನು?"

"ಅಲ್ಲಿ ನನ್ನನ್ನ ಯಾರೂ ಕೇಳೋದೇ ಇಲ್ಲ ಈಗ" ಎಂದರು ಇವರು. "ನರ್ಸಮ್ಮ ಊರಿಗೆಲ್ಲ ಹೇಳಿದಾರೆ. ಬಟ್ಟೆ ಅಂಗಡಿ ಸಾಹುಕಾರ್ರು ತಮ್ಮ ಪಂಪ್‌ಸೆಟ್ ನಿಂತೋಗಿದೆ, ನಿಮ್ಮ ಮನೆಯವರು ಬಂದು ನೋಡ್ತಾರಾ ಅಂತ ಕೇಳಿದ್ರು. ನರ್ಸಮ್ಮಂತೂ ಬರ್ತಿದ್ದಂಗೆ ಅಕ್ಕಾವ್ರು ಬಂದಿಲ್ವಾ ಅಂತಾರೆ. ನಾನು ಹೋಗೋದು ಕಾಯಿಲೆ ನೋಡಕ್ಕೆ."

ಅಲ್ಲಿಯವರೆಗೆ ಹೊಟ್ಟೆಯುರಿ ಹೆಂಗಸರ ಸೊತ್ತು ಎಂದುಕೊಂಡಿದ್ದೆ. ಇವರ ದನಿಯಲ್ಲಿದ್ದದ್ದು ಅದೇ. ನನಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿಯಲ್ಲಿಯೇ ಕಾರು ಕಲಿಸಿ ಎಂದು ಕೇಳಿದೆ. ಆಕೆಗೆ ಗೇರು ಹೇಳಿಕೊಟ್ಟಿದ್ದಿರಲ್ಲ ಎಂದೂ ಸೇರಿಸಿದೆ.

"ಅವ್ರಿಗೆ ಒಂದ್ಸಲ ತೋರಿಸಿದ್ದು ಅಷ್ಟೆ."

"ನನಗೆ ಪೂರಾ ತೋರಿಸ್ರಿ."

ಕಲಿಸಿದರು. ದಿನವೂ ಬೆಳಿಗ್ಗೆ ಸಂತೆ ಮೈದಾನದಲ್ಲಿ, ಮಾತಿಗೊಮ್ಮೆ ರೇಗುತ್ತ, ಕೈಯನ್ನು ಹ್ಯಾಂಡ್‌ಬ್ರೇಕಿನ ಮೇಲೆ ಇಟ್ಟುಕೊಂಡೇ. ನಾನು ಅತ್ತೆ ಒಬ್ಬರನ್ನೇ ತೊಗರ್ಸಿಗೆ ಕರೆದುಕೊಂಡು ಹೋಗಿ ಬಂದ ದಿನ ಇವರು ದವಾಖಾನೆಯಿಂದ ಎರಡು ಸಲ ಮನೆಗೆ ಬಂದು ಹೋದರಂತೆ. ಅತ್ತೆ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದರು. ದೇವಸ್ಥಾನದ ಮುಂದೆ ಇಳಿದ ಮೇಲೆ, "ಅವನಿಗಿಂತ ನೀನ ನೆಟ್ಟಗ ಹೊಡಿತಿ. ಅವನ ಮುಂದ ಅನ್ನಬ್ಯಾಡ" ಎಂದರು.

ನರ್ಸಮ್ಮನಿಗೆ ಮರುವರ್ಷ ಕುಬಟೂರಿನ ಕಡೆ ವರ್ಗವಾಯಿತು. ಅಲ್ಲಿ ಇವರ ಹಳೆಯ ರೋಗಿಯೊಬ್ಬರಿಗೆ ಕಾಯಿಲೆ ಹೆಚ್ಚಾದಾಗ ಒಂದು ಮಧ್ಯಾಹ್ನ ಇಬ್ಬರೂ ಹೋದೆವು. ಕಾರು ನಡೆಸಿದವಳು ನಾನು. ಇವರು ರೋಗಿಯ ಮನೆಯೊಳಗೆ ಹೋದ ಮೇಲೆ ಆಕೆ ನನ್ನನ್ನು ಹುಡುಕಿಕೊಂಡು ಬಂದಳು. ಸ್ಟೀರಿಂಗಿನ ಹಿಂದೆ ನಾನಿದ್ದದ್ದನ್ನು ನೋಡಿ ಬಾಗಿಲು ತೆರೆದು ಪಕ್ಕದ ಸೀಟಿನಲ್ಲಿ ಕೂತು, "ನಂಗಿಂತ ಮುಂಚೆ ಕಲ್ತ್ರಲ್ಲ. ನಂಗೆ ಹೊಟ್ಟೆ ಉರೀತದೆ ನೋಡಿ" ಎಂದು ನಕ್ಕಳು. ನಗುತ್ತ ಹೇಳಿದರೂ ಅದು ನಿಜವಾದ ಮಾತೆಂದು ನನಗೆ ಗೊತ್ತಾಯಿತು, ನನಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು. ಆಕೆಯನ್ನು ಮೊದಲ ಸಲ ಸಲಿಗೆಯಿಂದ "ನೀನು" ಎಂದು ಕರೆದೆ. ಏನೇನೋ ಮಾತಾಡಿದೆವು.

ಅಷ್ಟರಲ್ಲಿ ಹೊಲದ ಕಡೆಯಿಂದ ಕಂಬಳಿ ಹೊದ್ದ ಒಬ್ಬ ಕುರಿಗಾಹಿ ಓಡುತ್ತ ಬಂದ. "ನರ್ಸಮ್ಮಾರೆ, ನಮ್ ಹುಡಿಗಿಗೆ ನೋವು ಶುರುವಾಗೈತಿ" ಎಂದ. ಆಕೆ ಕಾರಿನಿಂದ ಇಳಿದಾಗಿತ್ತು.

"ನಾನು ಬಿಡ್ತೀನಿ, ಕೂತ್ಕೋ" ಎಂದೆ.

"ಅಲ್ಲಿಗೆ ಕಾರು ಹೋಗಲ್ಲ ಅಕ್ಕಾವ್ರೆ. ಹಳ್ಳ ದಾಟಬೇಕು."

ಮನೆಯಿಂದ ಚೀಲ ತಂದಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಆ ಮನುಷ್ಯನಿಗಿಂತ ಮುಂದಾಗಿ, ಹೊಲದ ಬದುವಿನ ಮೇಲೆ ಸರಸರನೆ ನಡೆದು ಹೋದಳು. ಬಿಳಿ ಸೀರೆ ಜೋಳದ ಹೊಲದ ಅಂಚಿನಲ್ಲಿ ಬಹಳ ಹೊತ್ತು ಕಾಣುತ್ತಿತ್ತು. ಇವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ನರ್ಸಮ್ಮನ ದನಿ ಕೇಳಿಸ್ತಿತ್ತು, ಎಲ್ಲಿ ಅವ್ರು?" ಎಂದರು.

"ಹೋದ್ಲು" ಎಂದೆ.

"ನಿನಗ್ಯಾಕೆ ಮುಖ ಸಣ್ಣಗಾಗಿದೆ?"

ಏನೂ ಇಲ್ಲ ಎಂದೆ. ಇವರು ನನ್ನ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡರು. ನಾನು ಆ ಹೊಲದ ಅಂಚನ್ನು ಮರೆಯಾಗುವವರೆಗೆ ಕನ್ನಡಿಯಲ್ಲಿ ನೋಡುತ್ತ ಆನವಟ್ಟಿಯ ರಸ್ತೆ ಹಿಡಿದೆ; ಯಾರನ್ನೂ ಕೇಳದೆ ಹಾಗೆ ಎದ್ದು ಹೋಗುವುದನ್ನು ನಾನಿನ್ನೂ ಕಲಿತಿರಲಿಲ್ಲ.